ನಡುಮನೆಯಿಂದ ಹಿತ್ತಿಲಿಗೆ: ಕೋಲಾರ ಸೀಮೆಯ ಹುಳು ಮನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಬೆಳೆಯುವ ಯಾವ ಊರಿಗೆ ಹೋದರೂ, ಹಿತ್ತಿಲಲ್ಲೋ ತೋಟದ ಅಂಚಿನಲ್ಲೋ ಸಾಲು ಕಿಟಕಿಗಳ ಉದ್ದನೆಯ ಕಟ್ಟಡವೊಂದು ಕಾಣುತ್ತದೆ. ಕಿಟಕಿಗೆ ನೈಲಾನ್ ಪರದೆ, ಬಾಗಿಲ ಮುಂದೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ, ಒಳಗೆ ಅಂತಸ್ತು ಅಂತಸ್ತಾಗಿ ಸ್ಟ್ಯಾಂಡುಗಳು. ಇದು ರೇಷ್ಮೆ ಹುಳು ಸಾಕುವ ಹುಳು ಮನೆ. ಹಿತ್ತಿಲಲ್ಲಿ ಕೆಲಸಕ್ಕೆಂದೇ ಒಂದು ಕಟ್ಟಡ ಎಬ್ಬಿಸುವ ವಿದ್ಯೆ ನಮ್ಮ ಸೀಮೆಯಲ್ಲಿ ಬೆಳೆದದ್ದು ಹೆಚ್ಚಾಗಿ ಇದರ ಸುತ್ತಲೇ. ಆ ವಿದ್ಯೆ ನಡೆದು ಬಂದ ದಾರಿಯುದ್ದಕ್ಕೂ ಕಾಣುವುದು ಒಂದೇ ಪ್ರಯತ್ನ: ಒಳಗೆ ಗಾಳಿ ಆಡಬೇಕು, ಸೆಕೆಯೂ ರೋಗವೂ ಹೊರಗುಳಿಯಬೇಕು.

ಮನೆಮಂದಿಯ ಜೊತೆಗೇ ಹುಳು

ಮೈಸೂರು ಸೀಮೆಗೆ ರೇಷ್ಮೆ ಬಂದದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. 1896ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದರು. 1914ರಲ್ಲಿ ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆ ಶುರುವಾಯಿತು. ಇಷ್ಟೆಲ್ಲ ಆದರೂ ಹಳ್ಳಿಯಲ್ಲಿ ಹುಳು ಬೆಳೆಯುತ್ತಿದ್ದದ್ದು ನಡುಮನೆಯಲ್ಲೇ. ಮಣ್ಣಿನ ದಪ್ಪ ಗೋಡೆ, ಸಗಣಿ ಸಾರಿಸಿದ ನೆಲ, ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಿದಿರಿನ ತಟ್ಟೆಗಳ ಅಟ್ಟಣೆ. ಹುಳು ಹಣ್ಣಾದಾಗ ಚಂದ್ರಿಕೆಗಳು ಜಗಲಿಗೆ ಬರುತ್ತಿದ್ದವು. ಚಂದ್ರಿಕೆ ಎಂದರೆ ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಚಾಪೆ. ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಒಂದೊಂದರಲ್ಲಿ ಸಾವಿರದ ಹತ್ತಿರ ಹುಳು ಗೂಡು ಕಟ್ಟುತ್ತವೆ. ಕೊಂಡುಕೊಳ್ಳಲು ಆಗದವರು ಚಂದ್ರಿಕೆಯನ್ನು ಬಾಡಿಗೆಗೆ ತರುತ್ತಿದ್ದರು.

ಈ ಏರ್ಪಾಡು ನಡೆದದ್ದು ಮೈಸೂರು ತಳಿಯ ಗಟ್ಟಿತನದಿಂದ. ಸೆಕೆ, ಹೊಗೆ, ಒರಟು ಸೊಪ್ಪು ಎಲ್ಲವನ್ನೂ ತಾಳಿಕೊಳ್ಳುವ ಹುಳು ಅದು. ಆದರೆ ರೋಗ ಬಿಡುತ್ತಿರಲಿಲ್ಲ. ಗಂಟು ರೋಗ, ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು: ಇವುಗಳಲ್ಲಿ ಒಂದು ಹೊಕ್ಕರೂ ಅದರ ಬೀಜ ಮಣ್ಣಿನ ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ, ತಟ್ಟೆಯ ಹೆಣಿಗೆಯಲ್ಲಿ ಮುಂದಿನ ಬೆಳೆಗೆ ಕಾದು ಕೂರುತ್ತಿತ್ತು. ಜನ ಉಂಡು ಮಲಗುವ ಮನೆಯನ್ನು ಫಾರ್ಮಲಿನ್ ಹೊಡೆದು ಮುಚ್ಚಿಡುವುದಾದರೂ ಹೇಗೆ? 1980ರಲ್ಲಿ ಊಜಿ ನೊಣವೂ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳಿಂದ ಅದನ್ನು ಒಳಗೊಳಗೇ ತಿನ್ನಿಸುವ ಈ ನೊಣ ಬಂದ ಮೇಲೆ ತೆರೆದ ಬಾಗಿಲ ನಡುಮನೆಯಲ್ಲಿ ಹುಳು ಉಳಿಸಿಕೊಳ್ಳುವುದು ಕಷ್ಟವಾಯಿತು.

ಹುಳುವಿಗೇ ಒಂದು ಮನೆ

1980ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ, 1989ರ ರಾಷ್ಟ್ರೀಯ ರೇಷ್ಮೆ ಯೋಜನೆ, 1991ರಿಂದ ಜಪಾನಿನ ಸಹಕಾರದಲ್ಲಿ ನಡೆದ ದ್ವಿತಳಿ ಕೆಲಸ: ಈ ಮೂರೂ ಒಂದರ ಹಿಂದೊಂದು ಬಂದವು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್ಆರ್ ತಳಿಗಳು ಬಂದವು. ನಮ್ಮ ಜಿಲ್ಲೆಯ ಹೆಸರು ಹೊತ್ತ ‘ಕೋಲಾರ್ ಗೋಲ್ಡ್’ ಮಿಶ್ರತಳಿಯೂ ಬಂತು. ಹೆಚ್ಚು ನೂಲು ಕೊಡುವ ದ್ವಿತಳಿ ಹುಳು ಹವೆಯ ವಿಷಯದಲ್ಲಿ ಬಲು ಸೂಕ್ಷ್ಮ. ದೊಡ್ಡ ಹುಳುವಿಗೆ 24–25 ಡಿಗ್ರಿ ಉಷ್ಣಾಂಶ, ನೂರಕ್ಕೆ 70ರ ಆಸುಪಾಸಿನ ತೇವಾಂಶ ಬೇಕು. ಏಪ್ರಿಲ್‌ನಲ್ಲಿ 35 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಇದು ಸಣ್ಣ ಬೇಡಿಕೆಯಲ್ಲ. ಪ್ರತ್ಯೇಕ ಹುಳು ಮನೆ ಕಟ್ಟುವವರಿಗೆ ಸರ್ಕಾರ ಸಹಾಯಧನ ಕೊಡತೊಡಗಿದ್ದರ ಹಿಂದೆ ಈ ಕಾರಣವಿದೆ.

ಇನ್ನೊಂದು ತೊಡಕಿತ್ತು. ಚಾಕಿ ಹುಳುವಿಗೆ, ಅಂದರೆ ಮೊದಲ ಹಂತಗಳ ಮರಿ ಹುಳುವಿಗೆ, ಬೇಕಾದದ್ದು 27–28 ಡಿಗ್ರಿಯ ಬೆಚ್ಚನೆಯ, 85–90ರ ತೇವದ ಮುಚ್ಚಿದ ಕೋಣೆ. ದೊಡ್ಡ ಹುಳುವಿಗೆ ಬೇಕಾದದ್ದು ತಂಪಾದ, ಗಾಳಿಯಾಡುವ ಹಜಾರ. ಎರಡನ್ನೂ ಒಂದೇ ಸೂರಿನಡಿ ಕಟ್ಟಲು ಹೋದವರು ಎರಡನ್ನೂ ಅರೆಬರೆ ಮಾಡಿಕೊಂಡರು. ಇದನ್ನು ಬಿಡಿಸಿದ್ದು ಚಾಕಿ ಕೇಂದ್ರಗಳು. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಬಾರಿ ಪೊರೆ ಕಳಚಿದ ಹುಳುವನ್ನು ಅಲ್ಲಿಂದ ತರುವ ರೂಢಿ ಬಂದ ಮೇಲೆ ರೈತ ದೊಡ್ಡ ಹುಳುವಿಗೆ ಮಾತ್ರ ಮನೆ ಕಟ್ಟಿದರೆ ಸಾಕಾಯಿತು. ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕೊನೆಯ ಹಂತದ ಹುಳುವೇ ತಿನ್ನುತ್ತದೆ. ಹಿಕ್ಕೆ, ಉಳಿದ ಸೊಪ್ಪು, ಹುಳುವಿನ ಮೈ ತೇವ ಸೇರಿ ಹಾಸಿಗೆ ಕಾವೇರುವುದೂ ಆಗಲೇ. ಹುಳು ಮನೆಯ ಅಳತೆಯನ್ನೂ ಕಿಟಕಿಯ ಲೆಕ್ಕವನ್ನೂ ನಿರ್ಧರಿಸುವುದು ಆ ಏಳೆಂಟು ದಿನ.

ಮರ ಎಲ್ಲಿ, ಕಲ್ಲು ಎಲ್ಲಿ

1990ರ ದಶಕದಲ್ಲಿ ರೆಂಬೆ ಪದ್ಧತಿ ಹರಡಿದಾಗ ಒಳಗಿನ ವಿನ್ಯಾಸ ಬದಲಾಯಿತು. ಎಲೆ ಬಿಡಿಸಿ ತಟ್ಟೆಗೆ ಹಾಕುವ ಬದಲು ರೆಂಬೆಯನ್ನೇ ಹಾಸುವುದರಿಂದ ಕೂಲಿ ಉಳಿಯಿತು, ಗಾಳಿಯೂ ಹಾಸಿಗೆಯೊಳಗೆ ಹೊಕ್ಕಿತು. ತಟ್ಟೆಯ ಅಟ್ಟಣೆ ಹೋಗಿ ಐದಡಿ ಅಗಲದ ಸ್ಟ್ಯಾಂಡ್ ಬಂತು: ಎರಡೂ ಪಕ್ಕದಿಂದ ಕೈ ಎಟುಕುವಷ್ಟು ಅಗಲ, ಅಂತಸ್ತಿಗೂ ಅಂತಸ್ತಿಗೂ ಎರಡಡಿಯ ಅಂತರ. ಇದಕ್ಕೆ ಕೈಗೆ ಸಿಕ್ಕ ಮರ ನೀಲಗಿರಿ. 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಿಂದ ರಾಗಿ ಹೊಲಗಳನ್ನೂ ನುಂಗಿ ಬೆಳೆದಿದ್ದ ಮರ ಅದು. ಅದನ್ನು ಹೊಸದಾಗಿ ನೆಡುವುದನ್ನು 2017ರಲ್ಲಿ ಸರ್ಕಾರ ನಿಷೇಧಿಸಿತು.

ನೀಲಗಿರಿ ಕಂಬದ ಗುಣ ಅರಿತವರು ಹಸಿಯಾಗಿ ಹೊಡೆಯುವುದಿಲ್ಲ. ಕಡಿದ ಕೂಡಲೇ ತೊಗಟೆ ಸುಲಿದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಜೋಡಿಸಿ, ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಬಿದ್ದರೆ ತುದಿಯಿಂದ ಸೀಳುತ್ತದೆ, ಹಸಿಯಾಗಿ ಕಟ್ಟಿದರೆ ತಿರುಚಿಕೊಳ್ಳುತ್ತದೆ. ಕಂಬದ ಬುಡ ಮಣ್ಣಿಗೆ ಇಳಿದರೆ ಗೆದ್ದಲಿಗೆ ದಾರಿ. ಬೇರೆ ಕಡೆ ಮರಕ್ಕೆ ಕೀಟನಾಶಕ ಬಳಿಯಬಹುದು. ಇಲ್ಲಿ ಅದರ ಸೋಂಕು ತಾಗಿದರೂ ರೇಷ್ಮೆ ಹುಳು ಸಾಯುತ್ತದೆ. ಹಾಗಾಗಿ ಕಾಲಿನಡಿ ಕಲ್ಲು, ಕಾಲಿನ ಸುತ್ತ ಇರುವೆ ಹತ್ತದಂತೆ ನೀರಿನ ಬಟ್ಟಲು. ಔಷಧವಿಲ್ಲದೆ ಮರ ಕಾಯುವ ದಾರಿ ಇದು.

ಗೋಡೆಯನ್ನೂ ಮರದ ಹಲಗೆಯಲ್ಲಿ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಹಲಗೆಗೋಡೆ ಹಗುರ, ಬೇಗ ಏಳುತ್ತದೆ, ನೋಡಲೂ ಚೆಂದ. ಬಡಗಿ ಕೆಲಸದ ಶೆಡ್ಡಿಗೋ ಸಾಮಾನು ಕೋಣೆಗೋ ಸಿಲ್ವರ್ ಓಕ್ ಹಲಗೆ ಒಳ್ಳೆಯದೇ. ಸಿಲ್ವರ್ ಓಕ್, ಸರ್ವೆ, ನೀಲಗಿರಿಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿಯೂ ಇದೆ. ಆದರೆ ಹುಳುವಿನ ಹಜಾರಕ್ಕೆ ಹಲಗೆಗೋಡೆ ಸಲ್ಲದು. ಹಲಗೆ ಹಲಗೆಯ ನಡುವಿನ ಸಂದೇ ಊಜಿ ಮರಿ ಇಳಿದು ಕೋಶ ಕಟ್ಟುವ ಜಾಗ. ಬ್ಲೀಚಿಂಗ್ ದ್ರಾವಣ ಆ ಸಂದಿಗೆ ಸರಿಯಾಗಿ ತಲುಪುವುದಿಲ್ಲ.

ಗೋಡೆಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ಮುಳಬಾಗಿಲು ಸುತ್ತಿನ ಬೆಟ್ಟಗುಡ್ಡಗಳ ಕಲ್ಲು ಅಡಿಪಾಯಕ್ಕೂ ಕಂಬಕ್ಕೂ ಒದಗುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚು ದೂರದ ಊರುಗಳಿಗೂ ಹೋಗುವಾಗ ಇಲ್ಲಿಯವರಿಗೆ ಸಾಗಣೆ ಖರ್ಚು ಕಡಿಮೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ರೂಢಿಗೆ ತಂದ, ಸ್ವಲ್ಪವೇ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯೂ ಇದೆ. ಒಳಗಡೆ ನುಣ್ಣಗೆ ಗಾರೆ, ನೆಲಕ್ಕೆ ಸಿಮೆಂಟ್, ತೊಳೆದ ನೀರು ಹೊರಹೋಗುವಂತೆ ಇಳಿಜಾರು. ಇವಿಷ್ಟಿದ್ದರೆ ಪ್ರತಿ ಬೆಳೆಯ ನಂತರ ಮನೆಯನ್ನು ಪೂರ್ತಿ ತೊಳೆದು ಸೋಂಕು ತೆಗೆಯಬಹುದು.

ಸೋತದ್ದು ಸೂರು

ಈ ಬೆಳವಣಿಗೆಯಲ್ಲಿ ಹಿಂದೆ ಬಿದ್ದದ್ದು ಸೂರು. ಅಗ್ಗವೂ ಹಗುರವೂ ಆದ ಸಿಮೆಂಟ್ ಶೀಟು, ತಗಡು ಬಂದ ಮೇಲೆ ಹೆಂಚು ಕೆಳಗಿಳಿಯಿತು. ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಕೆಳಗೆ ನಿಂತರೆ ನೆತ್ತಿಗೇ ಕಾವು ಇಳಿಯುತ್ತದೆ. ಮೇಲಿನ ಅಂತಸ್ತಿನ ಹುಳು ಸೊಪ್ಪು ಬಿಟ್ಟು ಸುಮ್ಮನಾಗುತ್ತವೆ. ರೈತರು ಶೀಟಿಗೆ ಸುಣ್ಣ ಬಳಿದು, ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಕಾಪಾಡಿಕೊಳ್ಳುತ್ತಿದ್ದಾರೆ. ಹೆಂಚಿನ ಸಂದಿನಿಂದ ಬಿಸಿಗಾಳಿ ತಾನೇ ಮೇಲೆ ಹೋಗುತ್ತದೆ. ಅದರ ಕೆಳಗೆ ಪರದೆ ಕಟ್ಟಿದರೆ ಊಜಿಯ ಭಯವೂ ಇಲ್ಲ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ರೂಪಿಸಿದ ಬಿದಿರು ಚಾಪೆಯ ಸುಕ್ಕು ಶೀಟು ಇನ್ನೊಂದು ದಾರಿ.

ಈಗ ಕಟ್ಟಲು ಹೊರಟವರಿಗೆ ಈ ಚರಿತ್ರೆ ಕೊಡುವ ಕ್ರಮ ಸ್ಪಷ್ಟ. ಮೊದಲು ಎಷ್ಟು ಮೊಟ್ಟೆಯ ಹುಳು ಎಂದು ಲೆಕ್ಕ ಹಾಕಿ, ಅದರಿಂದ ಸ್ಟ್ಯಾಂಡಿನ ಅಳತೆ, ಸ್ಟ್ಯಾಂಡಿನಿಂದ ಹಜಾರದ ಅಳತೆ ಹಿಡಿಯಿರಿ. ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಿ, ಬಿಸಿಲು ಗೋಡೆಗೆ ಕಡಿಮೆ ಬೀಳುತ್ತದೆ. ಎದುರು ಬದುರು ಕಿಟಕಿ, ಮೇಲೆ ಗವಾಕ್ಷಿ, ಬಾಗಿಲಿಗೆ ಮುನ್ನ ಪರದೆ ಕಟ್ಟಿದ ಸಣ್ಣ ಕೋಣೆ, ಸೊಪ್ಪಿಗೆ ಬೇರೆ ತಂಪು ಕೋಣೆ, ಸುತ್ತ ಜಗಲಿ. ಹಣ ಸಾಲದಿದ್ದರೆ ಹಜಾರವನ್ನು ನಾಲ್ಕಡಿ ಕಿರಿದು ಮಾಡಿ, ಸೂರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಸಹಾಯಧನ ಕೊಡುವವರೂ ಚದರಡಿಯ ಜೊತೆಗೆ ಸೂರಿನ ತಂಪಿಗೂ ಬೆಲೆ ಕಟ್ಟಬೇಕು. ಗೋಡೆ, ನೆಲ, ಪರದೆಗಳ ವಿಷಯದಲ್ಲಿ ಕೋಲಾರದ ರೈತ ಕಲಿಯಬೇಕಾದದ್ದನ್ನು ಕಲಿತಾಗಿದೆ. ಇನ್ನು ಸೂರೊಂದು ಸರಿಹೋದರೆ ಬೇಸಿಗೆಯಲ್ಲೂ ದ್ವಿತಳಿ ಬೆಳೆ ಕೈಗೆ ಹತ್ತುತ್ತದೆ.