ಸ್ಪೀಕರ್ ಪೀಠದಲ್ಲಿ ಕಾರ್ಕಳದವರು

ಕಾಂದಿವಲಿಯ ಲೋಕಲ್‌ನಲ್ಲಿ ಕಾರ್ಕಳದವರು ಸಿಗದ ದಿನವುಂಟೇ? ಆ ತಾಲೂಕಿನ ಕೌಡೂರಿನವರು ಕೆ. ಎಸ್. ಹೆಗ್ಡೆ. 1973ರಲ್ಲಿ ಹಿರಿಯರಾದ ಮೂವರನ್ನು ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದ ಗಟ್ಟಿಗರು. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷ ಗೆದ್ದದ್ದು ಎರಡೇ. ಒಂದು ಹೆಗ್ಡೆಯವರ ಬೆಂಗಳೂರು ದಕ್ಷಿಣ. ಜುಲೈಯಲ್ಲಿ ಅವರು ಲೋಕಸಭೆಯ ಸ್ಪೀಕರ್ ಆದರು. ಡೆಪ್ಯುಟಿ ಸ್ಪೀಕರ್ ಗೋಡೆ ಮುರಹರಿ ಮಾತ್ರ ಸೋತ ಕಾಂಗ್ರೆಸ್ಸಿನವರು! ತುರ್ತು ಪರಿಸ್ಥಿತಿಯ ಸಿಟ್ಟು ಇನ್ನೂ ಆರಿರಲಿಲ್ಲ, ಆದರೂ ಜನತಾ ಪಕ್ಷ ಆ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಟ್ಟಿತ್ತು. ವಿರೋಧ ಪಕ್ಷದ ನಾಯಕನಿಗೆ ಸಂಬಳ, ಸವಲತ್ತು ಕೊಡುವ ಕಾನೂನೂ ಅದೇ ವರ್ಷದ್ದು. 1979ರಲ್ಲಿ ಆ ನಾಯಕರಾಗಿ ನಮ್ಮ ಮಹಾರಾಷ್ಟ್ರದ ಯಶವಂತರಾವ್ ಚವಾಣ್ ಅವಿಶ್ವಾಸ ಗೊತ್ತುವಳಿ ತಂದರು. ಮತಕ್ಕೆ ಮೊದಲೇ ಮೊರಾರ್ಜಿ ರಾಜೀನಾಮೆಯಿತ್ತರು. ಹೆಗ್ಡೆ ಪೀಠದಲ್ಲೇ ಉಳಿದರು. 2019ರಿಂದ 2024ರವರೆಗಿನ ಲೋಕಸಭೆಯಲ್ಲಿ ಡೆಪ್ಯುಟಿ ಸ್ಪೀಕರೇ ಇರಲಿಲ್ಲ.