ವಾಕ್ಸಂಘಗಳೂ ಅವುಗಳ ಸ್ಪರ್ಧೆಯೂ

ಸಭೆಯಲ್ಲಿ ಎದ್ದುನಿಂತೊಡನೆ ನಾಲಗೆ ಒಣಗುವುದು ಒಂದು ದೇಶಕ್ಕೆ ಮಾತ್ರ ಸೇರಿದ ವ್ಯಾಧಿಯಲ್ಲ. ಅಮೇರಿಕಾದ ಇಲಿನಾಯ್ ಪ್ರಾಂತದ ಬ್ಲೂಮಿಂಗ್ಟನ್ ಪಟ್ಟಣದಲ್ಲಿ ವೈ. ಎಂ. ಸಿ. ಎ. ಸಂಸ್ಥೆಯ ಕಾರ್ಯದಲ್ಲಿದ್ದ ರಾಲ್ಫ್ ಸ್ಮೆಡ್ಲಿಯವರು ತರುಣರಲ್ಲಿ ಇದನ್ನು ಕಂಡು, 1905ರಲ್ಲಿ ಭಾಷಣಾಭ್ಯಾಸದ ಕೂಟವೊಂದನ್ನು ಏರ್ಪಡಿಸಿದರು. ಭೋಜನಸಭೆಗಳಲ್ಲಿ ಭಾಷಣಕಾರರನ್ನು ಪರಿಚಯಿಸುವವನಿಗೆ ಅಲ್ಲಿ ‘ಟೋಸ್ಟ್‌ಮಾಸ್ಟರ್’ ಎಂದು ಹೆಸರು; ಕೂಟಕ್ಕೂ ಅದೇ ನಿಂತಿತು. ಆದರೆ ಸ್ಮೆಡ್ಲಿಯವರು ಊರು ಬಿಟ್ಟರೆಂದರೆ ಕೂಟವೂ ಕರಗಿಹೋಗುತ್ತಿದ್ದಿತು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ನೆಟ್ಟ ಸಸಿ ಮಾತ್ರ ಬೇರೂರಿತು.

ಸಂಘಸಂಘಗಳ ನಡುವಣ ಭಾಷಣಸ್ಪರ್ಧೆ 1938ರಲ್ಲಿ ಆರಂಭವಾಯಿತು. ಇಂದು ಸ್ಪರ್ಧಾಳುವು ತನ್ನ ಸಂಘದಲ್ಲಿ ಗೆದ್ದು, ಪ್ರದೇಶ ವಿಭಾಗಗಳ ಮೆಟ್ಟಿಲೇರಿ, ‘ಡಿಸ್ಟ್ರಿಕ್ಟ್’ ಎಂಬ ವಿಶಾಲ ಮಂಡಲದ ಸಮ್ಮೇಳನಕ್ಕೆ ಬರಬೇಕು. ಮಾತಿಗೆ 5ರಿಂದ 7 ನಿಮಿಷ. ಐದಕ್ಕೆ ಹಸುರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಏಳೂವರೆ ಮೀರಿದರೆ ಎಂತಹ ವಾಗ್ಮಿಯೂ ಅನರ್ಹನೇ. (ನಮ್ಮ ಅಧ್ಯಕ್ಷಭಾಷಣಗಳಿಗೂ ಈ ದೀಪಗಳು ದೊರೆತಿದ್ದರೆ!)

ಇಷ್ಟು ನ್ಯಾಯನಿಷ್ಠವಾದ ವೇದಿಕೆಯ ಬಾಗಿಲು ಬಹುಕಾಲ ಸ್ತ್ರೀಯರಿಗೆ ಮುಚ್ಚಿದ್ದಿತು. ಅರ್ನೆಸ್ಟೀನ್ ವೈಟ್ ಎಂಬಾಕೆ ಅದೇ 1938ರಲ್ಲಿ ಮಹಿಳೆಯರಿಗಾಗಿ ಬೇರೊಂದು ಸಂಸ್ಥೆಯನ್ನು ಕಟ್ಟಬೇಕಾಯಿತು. 1973ರವರೆಗಿನ ವಿಜೇತರ ಪಟ್ಟಿಯನ್ನು ನೋಡುವವರು, ಅದು ನಾಡಿನ ಅರ್ಧ ಕಂಠಗಳನ್ನು ಹೊರಗಿಟ್ಟು ಸಿದ್ಧವಾದುದೆಂಬುದನ್ನು ಮರೆಯಲಾಗದು. 1970ರಲ್ಲಿ ಹೆಲೆನ್ ಬ್ಲಾಂಚರ್ಡ್ ಎಂಬ ಮಹಿಳೆ ‘ಹೋಮರ್’ ಎಂಬ ಗಂಡುಹೆಸರಿನಲ್ಲಿ ಸದಸ್ಯಳಾಗಬೇಕಾಯಿತು. 1973ರಲ್ಲಿ ನಿಯಮವನ್ನು ತಿದ್ದಿದರು. 1985ರಲ್ಲಿ ಆ ‘ಹೋಮರ್’ ಹೆಲೆನ್ ಆಗಿಯೇ ಸಮಗ್ರ ಸಂಸ್ಥೆಯ ಅಧ್ಯಕ್ಷಪೀಠವನ್ನೇರಿದರು.