ಮೂನ್‌ವಾಚ್ ಕಾರ್ಯಾಚರಣೆ
ಕೃತಕ ಉಪಗ್ರಹಗಳ ಪಥವನ್ನು ಗುರುತಿಸಲು ಹವ್ಯಾಸಿ ವೀಕ್ಷಕರು ಊರೂರುಗಳಲ್ಲಿ ತಂಡ ಕಟ್ಟಿಕೊಂಡು ನಡೆಸಿದ ಕಾರ್ಯಕ್ರಮ (1956–75). ಅಮೆರಿಕದ ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕ ಫ್ರೆಡ್ ವಿಪಲ್ ಇದರ ರೂವಾರಿ. ಬಿಡುವಿನ ವೇಳೆಯ ವೀಕ್ಷಕರಿಂದ ನಿಖರ ಮಾಹಿತಿ ಸಿಗುವುದೇ ಎಂಬ ಅನುಮಾನ ವೃತ್ತಿಪರರಲ್ಲಿತ್ತು. ವಿಪಲ್‌ನ ನಂಬಿಕೆಯೇ ಸರಿಯಾಯಿತು.

ವೀಕ್ಷಣೆಯ ಕ್ರಮ ಸರಳವಾದರೂ ಜಾಣತನದ್ದು. ಮುಸ್ಸಂಜೆ ಅಥವಾ ನಸುಕಿನಲ್ಲಿ ನೆಲ ಕತ್ತಲಾಗಿದ್ದರೂ ಎತ್ತರದ ಉಪಗ್ರಹಕ್ಕೆ ಬಿಸಿಲು ತಾಗುತ್ತದೆ. ಆ ಹೊತ್ತಿಗೆ ಸದಸ್ಯರು ಸಾಲಾಗಿ ಕೂರುತ್ತಿದ್ದರು. ಒಬ್ಬೊಬ್ಬರ ಪುಟ್ಟ ದೂರದರ್ಶಕವೂ ಯಾಮ್ಯೋತ್ತರ ರೇಖೆಯ (ನೆತ್ತಿಯ ಮೂಲಕ ಉತ್ತರ-ದಕ್ಷಿಣವಾಗಿ ಹಾಯುವ ಕಲ್ಪಿತ ರೇಖೆ) ಒಂದೊಂದು ಭಾಗವನ್ನು ಕಾಯುತ್ತಿತ್ತು. ಅಕ್ಕಪಕ್ಕದವರ ನೋಟ ತುಸು ಒಂದರ ಮೇಲೊಂದು ಬರುತ್ತಿದ್ದುದರಿಂದ ಆಕಾಶಕ್ಕೇ ಬೇಲಿ ಹಾಕಿದಂತಾಗುತ್ತಿತ್ತು. ಚುಕ್ಕೆ ರೇಖೆ ದಾಟಿದೊಡನೆ ಕೂಗಿ ಹೇಳಬೇಕು. ಆ ಕೂಗು ರೇಡಿಯೊ ಸಮಯಸಂಕೇತದ ಜೊತೆಗೇ ಟೇಪಿನಲ್ಲಿ ದಾಖಲಾಗುತ್ತಿತ್ತು. ಶಾಲಾಮಕ್ಕಳು, ಗೃಹಿಣಿಯರು, ನೌಕರರು ಎಲ್ಲರೂ ಇದರಲ್ಲಿದ್ದರು. ಜಪಾನ್, ದಕ್ಷಿಣ ಆಫ್ರಿಕಗಳಲ್ಲೂ ತಂಡಗಳಿದ್ದವು.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಉಪಗ್ರಹಗಳ ಜಾಡು ಹಿಡಿಯಲು ವಿಪಲ್ ಯೋಜಿಸಿದ್ದ ಬೇಕರ್-ನನ್ ಕ್ಯಾಮೆರಾ ಜಾಲ ಇನ್ನೂ ಸಿದ್ಧವಾಗಿರಲಿಲ್ಲ. ಕಕ್ಷೆಯ ಲೆಕ್ಕಕ್ಕೆ ಈ ತಂಡಗಳ ವರದಿಗಳೇ ಬಹುಮಟ್ಟಿಗೆ ಆಧಾರವಾದವು. ವಿಜ್ಞಾನಕ್ಕೆ ಹವ್ಯಾಸಿಗಳು ಸಲ್ಲಿಸಿದ ಇಷ್ಟು ಸಕಾಲಿಕ ಸೇವೆ ವಿರಳ. ಮುಂದೆ ಸ್ಥಾಪನೆಯಾದ 12 ಕ್ಯಾಮೆರಾಗಳಲ್ಲಿ ಒಂದು ನೈನಿತಾಲ್‌ನಲ್ಲಿತ್ತು.

1962ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಸ್ಪುಟ್ನಿಕ್-4 ಉರಿದು ಚೂರಾದುದನ್ನು ಮಿಲ್ವಾಕಿ ತಂಡ ಕಂಡಿತು. ಸುಮಾರು 9 ಕಿಲೊ ತೂಕದ ಒಂದು ತುಂಡು ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಪಟ್ಟಣದ ಬೀದಿಯಲ್ಲಿ ದೊರೆಯಿತು.